ಸಿಂಹಾಸನದ ಹಿಂದಿನ ಕಲ್ಲು

ನಮ್ಮಪ್ಪ ಅಪ್ಪಯ್ಯಣ್ಣನ ಗಂಟಲು ಎಂಥದು ಅಂತ ತಿಳಿಯಬೇಕಾದರೆ ನಾಟಕದ ದಿನ ಬರಬೇಕಿತ್ತು. ದೇವನಹಳ್ಳಿ ಕಡೆ, ಆವತಿಯಿಂದಾಚೆ ಇರುವ ನಮ್ಮ ಸಣ್ಣ ಊರಿಗೆ ಅದರದೇ ಆದ ಒಂದು ನಾಟಕವಿದೆ. ತಾತನ ಕಾಲದಲ್ಲಿ ಹಾರ್ಮೋನಿಯಂ ಮೇಷ್ಟ್ರೊಬ್ಬರು ಕಟ್ಟಿಕೊಟ್ಟದ್ದು. ಸಣ್ಣ ಪಾಳೆಯಗಾರನ ಬಳಿಗೆ ದೊಡ್ಡ ದೊರೆಯ ದೂತ ಬಂದು, ಸೀಮೆ ಬಿಟ್ಟುಕೊಡು, ಏನು ಹೇಳುತ್ತೀ ಅಂತ ಕೇಳುತ್ತಾನೆ. ಅವನು ಒಂದು ಹಿಡಿ ಮಣ್ಣನ್ನೂ ಕೊಡೆನು ಅನ್ನುತ್ತಾನೆ, ಯುದ್ಧದಲ್ಲಿ ಸಾಯುತ್ತಾನೆ. ಕಥೆ ಇಷ್ಟೇ. ಆ ಪಾಳೆಯಗಾರ ನಮ್ಮಪ್ಪ. ಕಿರೀಟ ಇಟ್ಟು, ಮೀಸೆ ಅಂಟಿಸಿಕೊಂಡು "ಎಲವೋ" ಅಂತ ಗುಡುಗಿದರೆ ಮುಂದಿನ ಸಾಲಿನ ಕೂಸುಗಳು ಕಿಟಾರನೆ ಕಿರುಚಿಕೊಳ್ಳುತ್ತಿದ್ದವು.

ಕಿರೀಟ ತೆಗೆದಿಟ್ಟರೆ ಅಂಥ ಪುಕ್ಕಲ ಹೋಬಳಿಯಲ್ಲೇ ಇರಲಿಲ್ಲ. ಮಗಳಾಗಿ ಹೀಗೆ ಹೇಳಬಾರದು, ಆದರೆ ಊರಿಗೆಲ್ಲ ಗೊತ್ತಿರುವುದನ್ನು ನಾನೊಬ್ಬಳು ಮುಚ್ಚಿಟ್ಟು ಏನಾಗಬೇಕು? ಇನ್‌ಶರ್ಟ್ ಮಾಡಿದವರು ಯಾರೇ ಬಂದರೂ, ಕರೆಂಟ್ ಬಿಲ್ಲಿನವನೇ ಬಂದರೂ, ಅಪ್ಪ ಹಿತ್ತಲ ಬಾಗಿಲಿಂದ ಕೊಟ್ಟಿಗೆ ಸೇರಿಬಿಡುತ್ತಿದ್ದ. "ರಾಜ್ರು ಎಮ್ಮೆ ಮೈ ತೊಳೀತಾವ್ರೆ, ಆಮೇಲ್ ಬನ್ನಿ" ಅಂತ ಅಮ್ಮ ಬಂದವರನ್ನು ಸಾಗಹಾಕುತ್ತಿದ್ದಳು. ಅಮ್ಮನ ಹೆಸರು ಅಂಜಿನಮ್ಮ. ಅವಳ ನಾಲಿಗೆಗೆ ಹೆದರದವರು ಕಡಿಮೆ.

ಅಪ್ಪನ ಹೆದರಿಕೆ ಮಿತಿಮೀರಿದ್ದು ಜೀಪು ಬಂದ ವರ್ಷ. ವಿಮಾನ ನಿಲ್ದಾಣದ ಕೆಲಸಕ್ಕೆ ಅಂತ ಹೊಲ ಅಳೆಯಲು ಬಂದರು. ನಮ್ಮ ದೊಡ್ಡ ಹೊಲ ಪೂರ್ತಿ ಗುರುತಿಗೆ ಬಿತ್ತು. ರಾಗಿ ಕುಯ್ದ ಮೇಲೆ ಊರು ನಾಟಕ ಆಡುತ್ತಿದ್ದುದು ಅದೇ ಹೊಲದಲ್ಲಿ. ತಕರಾರಿದ್ದವರು ಕಚೇರಿಗೆ ಬಂದು ಹೇಳಿ ಅಂದಾಗ ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪನಿಗೆ ಪಾಠ ಮಾಡಿಸಿದಳು. "ಬಾವಿ ಇರೋ ಮೂಲೆನಾದ್ರೂ ಬಿಟ್ಬಿಡಿ ಸ್ವಾಮಿ ಅಂತ ಕೇಳು. ಅಷ್ಟೇ. ಬೇರೇನೂ ಬೇಡ." ಪಕ್ಕದ ಹೊಲದ ಚಿಕ್ಕಬೀರಪ್ಪ ಹಾಗೇ ಕೇಳಿದ, ಅವನ ಮೂಲೆ ಅವನಿಗೆ ಉಳಿಯಿತು. ಅಪ್ಪನ ಸರದಿ ಬಂದಾಗ ಅಧಿಕಾರಿ ತಲೆ ಎತ್ತಿ, ನಿಂದೇನಪ್ಪಾ ಅಂದರು. ಅಪ್ಪ ಟವೆಲ್ಲು ಹಿಂಡುತ್ತಾ, "ಏನೂ ಇಲ್ಲ ಸ್ವಾಮಿ" ಅಂದುಬಿಟ್ಟ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಆಶ್ಚರ್ಯವೆಂದರೆ ಅವಳು ಬೈಯಲಿಲ್ಲ. ಮನೆಗೆ ಬಂದವಳೇ ರಾಗಿ ಬೀಸಲು ಕೂತಳು.

ಹೊಲ ಹೋದ ಮೇಲೆ ನಾಟಕಕ್ಕೆ ಜಾಗವಿಲ್ಲದಾಯಿತು. ಆಗ ಬೈರಣ್ಣ ಮಾವ ಸುದ್ದಿ ತಂದ. ಹಾಲಿನ ಡೈರಿಯ ಕಾರ್ಯದರ್ಶಿ ಅವನು, ನಾಟಕದಲ್ಲಿ ದೂತನ ಪಾತ್ರ ಅವನದೇ. ಊರಿನ ಕಲಾ ಸಂಘಗಳು ರಂಗಮಂದಿರ ಕಟ್ಟಿಕೊಳ್ಳುವುದಕ್ಕೆ ಸರ್ಕಾರ ಅನುದಾನ ಕೊಡುತ್ತದಂತೆ. ಕಂತಿನಲ್ಲಿ ಕೊಡುತ್ತಾರೆ, ಗೋಡೆ ಎದ್ದ ಮೇಲೆ ಬಂದು ನೋಡಿ ಚಾವಣಿಗೆ ಕೊಡುತ್ತಾರಂತೆ. ಸಂಘಕ್ಕೆ ಅಧ್ಯಕ್ಷ ಬೇಕಲ್ಲ. ಯಾರ ಹತ್ತಿರವೂ ಜಗಳವಾಡದ ಮನುಷ್ಯ ಅಂತ ಅಪ್ಪನನ್ನೇ ಮಾಡಿದರು. ಜಗಳವಾಡಲು ಅವನಿಗೆ ಧೈರ್ಯವೇ ಇರಲಿಲ್ಲ ಅನ್ನುವುದನ್ನು ಯಾರೂ ಎತ್ತಲಿಲ್ಲ. ಬೈರಣ್ಣ ತೋರಿಸಿದ ಕಡೆಯೆಲ್ಲ ಅಪ್ಪ ರುಜು ಹಾಕಿದ. ಮೊದಲ ಕಂತು ಬಂತು. ಊರಾಚೆ ಪಂಚಾಯ್ತಿಯವರು ಸಂಘಕ್ಕೆ ಬಿಟ್ಟುಕೊಟ್ಟ ಜಾಗದಲ್ಲಿ ಪಾಯ ತೋಡಿದರು.

ವೇದಿಕೆಯ ಹಿಂದಿನ ಗೋಡೆಗೆ ತೋಡುವಾಗ ಒಂದು ವೀರಗಲ್ಲು ಸಿಕ್ಕಿತು. ಎದೆಯೆತ್ತರದ ಕಲ್ಲು, ಕತ್ತಿ ಹಿಡಿದ ಒಬ್ಬ ಯೋಧ, ಮೇಲೆ ಸೂರ್ಯಚಂದ್ರ. ಬೇರೆ ಊರಿನವರಾಗಿದ್ದರೆ ಪಕ್ಕಕ್ಕೆ ಎಳೆದಿಟ್ಟು ಗೋಡೆ ಕಟ್ಟುತ್ತಿದ್ದರೋ ಏನೋ. ನಮ್ಮವರು ನೀರು ಹುಯ್ದು ತೊಳೆದು, ಸಿಕ್ಕ ಜಾಗದಲ್ಲೇ, ವೇದಿಕೆಯ ನಟ್ಟನಡುವೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಮೊದಲು ಅರಿಸಿನ ಕುಂಕುಮ ಇಟ್ಟವಳು ಅಮ್ಮ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಈರಗಾರ ಸ್ವಾಮಿಯಾಗಿತ್ತು. ಸೋಮವಾರ ದೀಪ, ಹಸು ಕರು ಹಾಕಿದರೆ ಗಿಣ್ಣು. ಅಭ್ಯಾಸಕ್ಕೆ ಬಂದ ಪಾತ್ರಧಾರಿಗಳೆಲ್ಲ ಮೊದಲು ಅದಕ್ಕೆ ಕೈಮುಗಿದು ಆಮೇಲೆ ಈ ಕಡೆ ತಿರುಗುತ್ತಿದ್ದರು. ಅಪ್ಪನಂತೂ ಅದಕ್ಕೆ ಹಣೆ ಹಚ್ಚದೆ ಒಂದು ಮಾತು ಆಡುತ್ತಿರಲಿಲ್ಲ.

ಗೋಡೆ ಎದ್ದಿತು. ತನಿಖೆಗೆ ಬರುತ್ತೇವೆ ಅಂತ ಪತ್ರ ಬಂತು. ನಾನಾಗ ದೇವನಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದೆ. ನಮ್ಮ ಪದ್ಮಶ್ರೀ ಓದಿ ಹೇಳಲಿ ಅಂತ ಪತ್ರ ನನ್ನ ಕೈಗೆ ಕೊಟ್ಟರು. ಅನುದಾನದ ಕಟ್ಟಡದಲ್ಲಿ ಯಾವುದೇ ಪೂಜಾಸ್ಥಳ ಇರಕೂಡದು, ಕಂಡುಬಂದರೆ ಕೊಟ್ಟ ಹಣ ವಸೂಲು, ಅದಕ್ಕೆ ಅಧ್ಯಕ್ಷರೇ ಹೊಣೆ. ಇದೆಲ್ಲ ಮೊದಲೇ ಒಪ್ಪಿ ರುಜು ಹಾಕಿದ್ದ ಷರತ್ತು. ಯಾರೂ ಓದಿರಲಿಲ್ಲ.

ಅಪ್ಪ ಪತ್ರವನ್ನು ಇನ್ನೊಮ್ಮೆ ಓದಿಸಿದ. "ಇನ್ನುಳಿದಿರೋದು ಕೆರೆ ಹಿಂದಿನ ತುಂಡು ಒಂದೇ. ಅದೂನೂ ಹೋಯ್ತು ಕಣೋ ಬೈರ" ಅಂದ. ಜೀಪು ಬಂದು ಹೊಲ ಒಯ್ದದ್ದನ್ನು ಕಂಡ ಮನುಷ್ಯ. ಈ ಸಲದ ಜೀಪು ಏನು ಒಯ್ಯುತ್ತದೆ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕಲ್ಲು ಎತ್ತಿಡೋಣ ಭಾವ, ಅವ್ರು ಹೋದ್ಮೇಲೆ ತಂದಿಡೋಣ" ಅಂದ ಬೈರಣ್ಣ. ಹಾರೆ ತಂದದ್ದೂ ಅವನೇ. ಬುಡಕ್ಕೆ ಹಾರೆ ತಾಗಿಸಿದವನು ಹಾಗೇ ನಿಂತ, ಕೈ ಬರಲಿಲ್ಲ. ಇನ್ನೊಬ್ಬರಿಗೆ ಕೊಟ್ಟ. ಅವರಿಂದಲೂ ಆಗಲಿಲ್ಲ. ಎತ್ತಿದವನ ಮನೆಯಲ್ಲಿ ಏನಾದರೂ ಆದರೆ? ಸರ್ಕಾರದ ಭಯ ಒಂದು ಕಡೆ, ಸ್ವಾಮಿಯ ಭಯ ಇನ್ನೊಂದು ಕಡೆ. ನಡುವೆ ನಮ್ಮಪ್ಪ.

ಉಪಾಯ ಹೇಳಿದವಳು ಅಮ್ಮ. ನಾಟಕದ ಬೆನ್ನಿಲ್ಲದ ಸಿಂಹಾಸನವನ್ನು ಕಲ್ಲಿಗೆ ಒತ್ತಿ ಇಡುವುದು, ಕೆಂಪು ಮಖಮಲ್ಲಿನ ಬಟ್ಟೆಯನ್ನು ಕಲ್ಲಿನ ಮೇಲಿಂದ ಇಳಿಬಿಡುವುದು, ತುದಿಗೆ ರಟ್ಟಿನ ಕಿರೀಟ ಕಟ್ಟುವುದು. ನೋಡಿದವರಿಗೆ ಕಲ್ಲೇ ಸಿಂಹಾಸನದ ಬೆನ್ನು. ಗೋಡೆಯ ಮೇಲಿನ ದೀಪದ ಮಸಿಗೆ ಸುಣ್ಣ ಬಳಿದರು. ಆದರೂ ಅಪ್ಪನಿಗೆ ಧೈರ್ಯ ಬರಲಿಲ್ಲ. ಅಲ್ಲಿಂದ ತನಿಖೆಯ ದಿನದವರೆಗೆ ಅವನು ಸರಿಯಾಗಿ ಉಣ್ಣಲಿಲ್ಲ. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅವನನ್ನು ನೋಡಿ ನೋಡಿ ನನಗೂ ಹೆದರಿಕೆ ಹತ್ತಿತು. ಜೈಲಿಗೆ ಹಾಕುತ್ತಾರಾ ಅಂತ ಅಮ್ಮನನ್ನು ಕೇಳಿದೆ. "ಸುಮ್ಕಿರು" ಅಂದಳು.

ಜೀಪು ಬಂತು. ಸಾಹೇಬರು ಸಣಕಲು ಮನುಷ್ಯ, ಬಿಸಿಲಿಗೆ ಬಳಲಿದ್ದರು. ಗೋಡೆ ತಟ್ಟಿ ನೋಡಿದರು, ಅಳತೆ ಹಿಡಿಸಿದರು. ಅಪ್ಪ ಮೂಲೆಯಲ್ಲಿ ಅಂಟಿಕೊಂಡು ನಿಂತಿದ್ದ. ಎಲ್ಲದಕ್ಕೂ ಬೈರಣ್ಣನೇ ಉತ್ತರ ಕೊಟ್ಟ. ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ ಸಾಹೇಬರು ಹಣೆ ಒರೆಸಿಕೊಂಡು, "ಒಂಚೂರು ನೀರು ಕೊಡ್ತೀರಾ?" ಅಂದರು. ಅಂದವರೇ ವೇದಿಕೆ ಹತ್ತಿ, ಬೂಟುಗಾಲಲ್ಲೇ ಹೋಗಿ ಸಿಂಹಾಸನದಲ್ಲಿ ಕೂತು ಹಿಂದಕ್ಕೆ ಒರಗಿದರು.

ಅವರ ಬೆನ್ನು ಸ್ವಾಮಿಯ ಎದೆಗೆ ತಾಗಿತ್ತು. ನೀರು ತಂದ ಅಮ್ಮ ಚೊಂಬು ಹಿಡಿದು ಅಲ್ಲೇ ಕಲ್ಲಾದಳು. ಏನೋ ಗಟ್ಟಿ ತಗುಲಿತೆಂದು ಸಾಹೇಬರು ಕೈ ಹಿಂದೆ ಹಾಕಿ ಮಖಮಲ್ಲನ್ನು ಮುಟ್ಟಿ ನೋಡತೊಡಗಿದರು.

"ಎಲವೋ! ಏಳು ಮೇಲೆ!"

ಯಾರ ದನಿ ಅಂತ ಮೊದಲು ನನಗೇ ತಿಳಿಯಲಿಲ್ಲ. ಚಾವಣಿಯಿಲ್ಲದ ಆ ನಾಲ್ಕು ಗೋಡೆ ಗುಂಯ್‌ಗುಟ್ಟಿದವು. ಅಪ್ಪ ಮೂಲೆ ಬಿಟ್ಟು ವೇದಿಕೆಯ ನಡುವೆ ನಿಂತಿದ್ದ. ಕಣ್ಣು ಕೆಂಪಗಾಗಿತ್ತು. "ಆ ಪೀಠ ನಿನ್ನದಲ್ಲ! ಈ ನೆಲದ ಒಂದು ಹಿಡಿ ಮಣ್ಣನ್ನೂ ನಿನಗೆ ಕೊಡೆನು!"

ಸಾಹೇಬರು ಗಡಬಡಿಸಿ ಎದ್ದರು. ಮಖಮಲ್ಲು ಜಾರಿ ಬಿತ್ತು. ಕುಂಕುಮ ಮೆತ್ತಿದ ಯೋಧ ಕತ್ತಿ ಹಿಡಿದು ನಿಂತಿದ್ದ. ಅಪ್ಪನಿಗೆ ಆಗ ಎಚ್ಚರವಾಯಿತು. ಹೆಗಲ ಟವೆಲ್ಲು ಎಳೆದುಕೊಂಡು ಅಲ್ಲೇ ನೆಲಕ್ಕೆ ಕೂತ. "ತಪ್ಪಾಯ್ತು ಸ್ವಾಮಿ. ಕಲ್ಲು ನಮ್ದೇ. ಪೂಜೆ ಮಾಡೋದು ನಿಜ. ಬರ್ಕೊಳಿ." ಸಾಹೇಬರು ಕಲ್ಲನ್ನೂ ಅಪ್ಪನನ್ನೂ ಬಹಳ ಹೊತ್ತು ನೋಡಿದರು. ನೀರನ್ನೂ ಕುಡಿಯದೆ ಜೀಪು ಹತ್ತಿ ಹೊರಟುಹೋದರು.

ಸಂಜೆ ಊರೇ ನಮ್ಮ ಜಗಲಿಯಲ್ಲಿತ್ತು. ಇನ್ನೇನು ಕಾದಿದೆಯೋ ಅನ್ನುವ ಭಯದಲ್ಲೂ ಎಲ್ಲರಿಗೂ ಅಪ್ಪನ ಗುಡುಗಿನದೇ ಮಾತು. "ಸರ್ಕಾರನೇ ಎದ್ದು ನಿಂತ್ಕೊಳ್ತಲ್ಲ ಭಾವ!" ಅಂತ ಬೈರಣ್ಣ ನಕ್ಕ. ಅಪ್ಪನೂ ಸ್ವಲ್ಪ ನಕ್ಕ. ಜನ ಕರಗಿದ ಮೇಲೆ ಅಮ್ಮ ಹೊಸಲಿನ ಮೇಲೆ ಕೂತು ಕೇಳಿದಳು:

"ಈ ಗಂಟ್ಲು ನಮ್ಮ ಹೊಲ ಹೋಗೋ ದಿನ ಎಲ್ಲಿತ್ತಯ್ಯಾ?"

"ಅವತ್ತು ಬಣ್ಣ ಹಚ್ಚಿ ಯಾಸ ಹಾಕಿರ್ಲಿಲ್ಲ ಕಣೇ" ಅಂದ ಅಪ್ಪ.

"ಇವತ್ತೂ ಹಾಕಿರ್ಲಿಲ್ವಲ್ಲ."

ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದ.

ಎರಡನೆಯ ಕಂತು ಬರಲಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳಲೂ ಇಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ನಾವು ಒಂದು ವರ್ಷ ನಡುಗಿದೆವು. ಅಷ್ಟರಲ್ಲಿ ವಿಮಾನಗಳು ಹಾರತೊಡಗಿದವು. ಕೊನೆಗೆ, ಚಾವಣಿ ಇಲ್ಲದಿದ್ದರೆ ಬೇಡ, ನಾಟಕ ನಿಲ್ಲುವುದು ಬೇಡ ಅಂತ ಊರು ತೀರ್ಮಾನಿಸಿತು. ಗೋಡೆಗಳ ನಡುವೆ ಆಕಾಶದ ಕೆಳಗೆ ಪರದೆ ಕಟ್ಟಿದರು. ಅಪ್ಪ ಬಣ್ಣ ಹಚ್ಚಿಸಿಕೊಂಡು, ಕಲ್ಲಿಗೆ ಹಣೆ ಹಚ್ಚಿ, ಜನರ ಕಡೆ ತಿರುಗಿದ.

ಬೈರಣ್ಣ ದೂತನಾಗಿ ಬಂದು ಓಲೆ ಓದಿ, "ಸೀಮೆಯನ್ನು ಬಿಟ್ಟುಕೊಡು. ಏನು ಹೇಳುತ್ತೀ?" ಅಂದ. ಅಪ್ಪ ಎದೆ ಉಬ್ಬಿಸಿದ. ಹೆಂಗಸರ ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು. ಅವಳ ಮುಖದ ಮೇಲೆ ಕಣ್ಣು ಬಿದ್ದದ್ದೇ ತಡ, ಬಾಯಿ ತೆರೆದವನು ತೆರೆದೇ ನಿಂತ. ಮಾತು ಮರೆತಿರಬೇಕೆಂದು ಪರದೆಯ ಮರೆಯಿಂದ ಹೇಳಿಕೊಟ್ಟರು. ಬೈರಣ್ಣ ಇನ್ನೊಮ್ಮೆ ಕೇಳಿದ, "ಏನು ಹೇಳುತ್ತೀ?"

ಅಪ್ಪನ ಕೈ ಸೊಂಟದ ಕತ್ತಿ ಬಿಟ್ಟು ಹೆಗಲಿಗೆ ಹೋಯಿತು, ಅಲ್ಲಿಲ್ಲದ ಟವೆಲ್ಲನ್ನು ತಡವಿತು.

"ಏನೂ ಇಲ್ಲ ಸ್ವಾಮಿ" ಅಂದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಗಲಿಲ್ಲ. "ಅವತ್ತು ರಾತ್ರಿ ನಾನ್ ಹಂಗ್ ಕೇಳಬಾರ್ದಿತ್ತು ಕಣೇ" ಅಂತ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಅಪ್ಪ ಬಣ್ಣ ಹಚ್ಚಲಿಲ್ಲ.