ಎರಡನೆಯ ಹುದ್ದೆ

ಬಾಳಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ಚಾಡಿಯಾಗಿ ಹೇಳುತ್ತಿಲ್ಲ. ಆಕೆ ಹದಿನಾಲ್ಕು ವರ್ಷ ಕಸ ಗುಡಿಸಿದ ಕಾಲೇಜಿನಲ್ಲಿ ನಾನು ಟೈಪಿಂಗ್ ಗುಮಾಸ್ತ, ಆಕೆಯ ಸಂಶಯದಲ್ಲಿ ನನ್ನ ಪಾಲು ನನಗೆ ದಿನಾ ಸಿಗುತ್ತಿತ್ತು. ಕಂಡಕ್ಟರು ಝುವಾರಿನಗರ ಎಂದು ಕೂಗಿದರೂ ಒಳಗಿನ ಇಬ್ಬರನ್ನು ಕೇಳಿಯೇ ಬಸ್ಸು ಹತ್ತುವಳು. ಕ್ಯಾಂಟೀನಿನವನು ಪುಕ್ಕಟೆ ಚಹಾ ಕೊಟ್ಟರೆ 'ಯಾಕ?' ಎನ್ನುವಳು, ಅವನು ಉತ್ತರ ಹುಡುಕುವಷ್ಟರಲ್ಲಿ ಚಹಾ ಆರಿರುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ. ಬಾಳಮ್ಮ ಹಾಲನ್ನೇ ಮುಂದಿಟ್ಟರೂ ಅಲ್ಲ ಎಂದೇ ಶುರು ಮಾಡುತ್ತಿದ್ದಳು.

ಅದಕ್ಕೆ ಕಾರಣ ಇತ್ತು. 1978ರಲ್ಲಿ ಗುಳೇದಗುಡ್ಡದ ಕಡೆಯಿಂದ ಗಂಡ ಹಣಮಪ್ಪನ ಜೊತೆ ಗೋವೆಗೆ ಬಂದು, ಇದೇ ಕಾಲೇಜಿನ ಕಟ್ಟಡಕ್ಕೆ ಕಲ್ಲು ಹೊತ್ತವಳು. ಎರಡನೇ ಮಹಡಿಯ ಸಾರುವೆಯಿಂದ ಹಣಮಪ್ಪ ಬಿದ್ದು ಸತ್ತ. ಮೂರನೇ ದಿನ ಗುತ್ತಿಗೆದಾರ ಬಂದು, ಪರಿಹಾರದ ಕಾಗದ ಎಂದು ಹೇಳಿ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡ. ಅದರಲ್ಲಿ ಬರೆದಿದ್ದದ್ದು, ಹಣಮಪ್ಪ ಬೀಳುವ ಹಿಂದಿನ ದಿನವೇ ಕೆಲಸ ಬಿಟ್ಟಿದ್ದ ಎಂದು. ಪರಿಹಾರ ಬರಲಿಲ್ಲ. ಕಾಲೇಜಿನವರು ಪಾಪ ಎಂದು ದಿನಗೂಲಿಯ ಮೇಲೆ ಕೈಗೆ ಕಸಬರಿಗೆ ಕೊಟ್ಟರು.

ಎಂಟು ವರ್ಷದ ಮಗಳು ಯಲ್ಲವ್ವನನ್ನು ಆಕೆ ಶಾಲೆಗೆ ಹಾಕಿದ್ದು ಆ ಹೆಬ್ಬೆಟ್ಟಿನ ಸಿಟ್ಟಿಗೆ. "ಆಕಿ ಸಾಹೇಬ ಆಗೂದು ಬ್ಯಾಡ್ರಿ. ನನ್ನ ಕಾಗದ ಓದಿ ಹೇಳಿದ್ರ ಸಾಕು," ಎನ್ನುತ್ತಿದ್ದಳು. ಹುಡುಗಿ ಕಾಗದಕ್ಕೆ ನಿಲ್ಲಲಿಲ್ಲ. ಓದುತ್ತಾ ಓದುತ್ತಾ ನಮ್ಮ ಕಾಲೇಜಿಗೇ ಬಂದು ಬಿ.ಎಸ್ಸಿ. ಸೇರಿ, ರಸಾಯನಶಾಸ್ತ್ರ ತೆಗೆದುಕೊಂಡಳು. ಬೆಳಿಗ್ಗೆ ತಾಯಿ ಒರೆಸಿಟ್ಟ ಬೆಂಚಿನ ಮೇಲೆ ಹತ್ತು ಗಂಟೆಗೆ ಮಗಳು ಕೂರುತ್ತಿದ್ದಳು. ಅದನ್ನು ನೋಡಿದಾಗ ಮಾತ್ರ ಬಾಳಮ್ಮನ ಮುಖದಲ್ಲಿ ಸಂಶಯ ಇರುತ್ತಿರಲಿಲ್ಲ.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಮಾರ್ಚ್ ಕೊನೆಗೆ ಬಾಳಮ್ಮನನ್ನು ಒಂದು ದಿನ ಕೆಲಸದಿಂದ ಬಿಡಿಸುವುದು, ಮರುದಿನ ಹೊಸಬಳೆಂದು ತೆಗೆದುಕೊಳ್ಳುವುದು. ಹಾಗೆ ಮಾಡಿದರೆ ಸತತ ಸೇವೆ ಆಗುವುದಿಲ್ಲ, ಕಾಯಂ ಮಾಡುವ ತಂಟೆ ಇಲ್ಲ. ಆ ಪತ್ರವನ್ನು ವರ್ಷ ವರ್ಷ ಟೈಪ್ ಮಾಡಿದವನು ನಾನೇ. ಆಕೆ ನನ್ನನ್ನು ನಂಬದಿದ್ದರೆ ತಪ್ಪೇನು? 1992ರಲ್ಲಿ ಕಾರ್ಮಿಕ ಸಂಘದವರು ಹೇಳಿದರೆಂದು, ಅದನ್ನೂ ನಾಲ್ಕು ಜನರ ಹತ್ತಿರ ವಿಚಾರಿಸಿ, ಕಾಯಂ ಮಾಡಿ ಎಂದು ಅರ್ಜಿ ಹಾಕಿದಳು.

ಮರುವರ್ಷ ಮಾರ್ಚಿನಲ್ಲಿ ಸರ್ಕಾರದ ಬಜೆಟ್ಟು ಬಂತು. ಉನ್ನತ ಶಿಕ್ಷಣಕ್ಕೆ ಆದ್ಯತೆ ಎಂದು ಪತ್ರಿಕೆಯಲ್ಲಿ ದಪ್ಪ ಅಕ್ಷರ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಆದ್ಯತೆ ಪಣಜಿಯಿಂದ ನಮ್ಮ ಗುಡ್ಡ ಹತ್ತಿ ಬರುವಷ್ಟರಲ್ಲಿ ಒಂದೇ ಒಂದು ನಾಲ್ಕನೇ ದರ್ಜೆಯ ಹುದ್ದೆಯಾಗಿತ್ತು. ಕಸ ಗುಡಿಸುವವಳನ್ನು ಕಾಯಂ ಮಾಡುತ್ತೀರೋ, ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಅಟೆಂಡರನನ್ನು ತೆಗೆದುಕೊಳ್ಳುತ್ತೀರೋ, ನೀವೇ ನೋಡಿ. ಮಾರ್ಚ್ ಮೂವತ್ತೊಂದರೊಳಗೆ ತುಂಬದಿದ್ದರೆ ಹುದ್ದೆ ರದ್ದು ಎಂದು ಪತ್ರ. ಅಟೆಂಡರ್ ಇಲ್ಲದಿದ್ದರೆ ಜೂನಿನಿಂದ ರಸಾಯನಶಾಸ್ತ್ರದ ಮೂರನೇ ವರ್ಷ, ಅಂದರೆ ಯಲ್ಲವ್ವ ಹತ್ತಬೇಕಾಗಿದ್ದ ತರಗತಿಯನ್ನೇ, ನಡೆಸುವಂತಿಲ್ಲ ಎಂದು ವಿಶ್ವವಿದ್ಯಾಲಯ ಮೊದಲೇ ಬರೆದಿತ್ತು. ದುಡ್ಡು ಉಳಿಸುವವರು ಮೇಲೆ, ಕತ್ತರಿ ಹಿಡಿಯಬೇಕಾದವರು ಕೆಳಗೆ. ನನಗೆ ಇವತ್ತಿಗೂ ಅದರ ಸಿಟ್ಟು ಹೋಗಿಲ್ಲ.

ಪ್ರಿನ್ಸಿಪಾಲರು ಬಾಳಮ್ಮನನ್ನು ಕರೆಸಿದರು. ಅವರ ಮಾತು ಕೊಂಕಣಿ, ಬಾಳಮ್ಮನಿಗೆ ಅದು ಬರುವುದು ಸಂತೆಯ ಮಟ್ಟಿಗೆ, ಕನ್ನಡಕ್ಕೆ ಹೇಳಲು ನಾನು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅಟೆಂಡರನ ಕೆಲಸಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷರ ಡ್ರೈವರನ ಅರ್ಜಿ ಆಗಲೇ ಅವರ ಮೇಜಿನ ಮೇಲಿತ್ತು ಎಂಬುದನ್ನೂ ನಾನು ನೋಡಿದ್ದೆ.

"ಬಾಳಕ್ಕ, ಒಂದ ಪೋಸ್ಟ್ ಬಂದೈತಿ," ಎಂದೆ. "ಅದು ನಿನಗ ಹೋದ್ರ ನಿನ್ನ ಮಗಳ ಕ್ಲಾಸು ಜೂನಿಗೆ ಬಂದ್ ಆಗ್ತೈತಿ. ನಿನ್ನ ಅರ್ಜಿ ವಾಪಸ್ ತಗೋತಿಯೇನು ಅಂತ ಕೇಳಾಕತ್ತಾರ."

ಆಕೆ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಅವರು ಇಷ್ಟುದ್ದ ಮಾತಾಡಿದ್ರು, ನೀವು ಇಷ್ಟ ಹೇಳಿದ್ರಿ. ಉಳದದ್ದು ಎಲ್ಲಿ ಹೋತ್ರಿ?"

"ಉಳದದ್ದು ಉಪಚಾರದ ಮಾತು."

"ಮಗಳ ಹೆಸರ ಮುಂದ ಮಾಡಿ ತಾಯಿ ಹೆಬ್ಬಟ್ಟು ಕೇಳಾಕತ್ತಾರಂದ್ರ ಇದರಾಗ ಏನೋ ಐತ್ರಿ. ಎರಡ ದಿನ ಬಿಟ್ಟು ಹೇಳ್ತೇನಿ."

ಆಕೆ ಎರಡು ದಿನ ಕೇಳಿದ್ದು ಯಾಕೆಂದು ನನಗೆ ಗೊತ್ತಿತ್ತು. ಆಫೀಸಿನ ಬುಟ್ಟಿಯ ಕಾಗದವನ್ನು ಬಾಳಮ್ಮ ಸುಡುವ ಮೊದಲು ಮನೆಗೆ ಒಯ್ದು ಮಗಳ ಕೈಯಲ್ಲಿ ಓದಿಸುತ್ತಿದ್ದಳು. ಆಕೆಗೆ ಎಲ್ಲಕ್ಕಿಂತ ಬೇಕಾದದ್ದು ನಾನು ಎಸೆದ ಕಾರ್ಬನ್ ಹಾಳೆ. ಉಳಿದ ತಿಂಗಳುಗಳಲ್ಲಿ ಒಂದು ಕಾರ್ಬನ್ನನ್ನು ತೂತು ಬೀಳುವವರೆಗೆ ಬಳಸುತ್ತೇವೆ, ಅದನ್ನು ಬ್ರಹ್ಮನೂ ಓದಲಾರ. ಮಾರ್ಚಿನಲ್ಲಿ ಉಳಿದ ಗ್ರ್ಯಾಂಟು ವಾಪಸು ಹೋಗಬಾರದೆಂದು ಹೊಸ ಕಾರ್ಬನ್ ಡಬ್ಬಿ ಡಬ್ಬಿ ತರಿಸುತ್ತೇವೆ, ಒಂದು ಪತ್ರಕ್ಕೆ ಒಂದು ಹಾಳೆ ಬಳಸಿ ಎಸೆಯುತ್ತೇವೆ. ಬೆಳಕಿಗೆ ಹಿಡಿದರೆ ಅಕ್ಷರ ಅಕ್ಷರ ಕಾಣುತ್ತದೆ. ಇದು ನನಗೆ ಗೊತ್ತಿದ್ದೂ ನಾನು ಪ್ರಿನ್ಸಿಪಾಲರಿಗೆ ಹೇಳಿರಲಿಲ್ಲ. ಪ್ರತಿ ವರ್ಷ ಆಕೆಯನ್ನು ಕೆಲಸದಿಂದ ಬಿಡಿಸುವ ಪತ್ರ ಬಡಿದವನಿಗೆ ಅಷ್ಟಾದರೂ ನಾಚಿಕೆ ಇರಬೇಕು.

ಅಂದು ಸಂಜೆ ಆಡಳಿತ ಮಂಡಳಿಗೆ ಪತ್ರ ಟೈಪ್ ಮಾಡಿದೆ: ಸರ್ಕಾರದಿಂದ ಒಂದು ಹುದ್ದೆ ಮಂಜೂರಾಗಿದೆ, ಒಂದೇ. ಕಾರ್ಬನ್ ಬುಟ್ಟಿಗೆ ಹಾಕಿದೆ. ಬೆಳಿಗ್ಗೆ ಅದು ಇರಲಿಲ್ಲ. ಒಳ್ಳೆಯದಾಯಿತು, ಈಗ ನಂಬುತ್ತಾಳೆ ಎಂದುಕೊಂಡೆ.

ಎರಡನೇ ದಿನ ಬಾಳಮ್ಮ ಬಂದು ಪ್ರಿನ್ಸಿಪಾಲರ ಮೇಜಿನ ಮುಂದೆ ಗಟ್ಟಿಯಾಗಿ ನಿಂತಳು. "ಎರಡ ಪೋಸ್ಟ್ ಬಂದಾವ. ಒಂದು ನನಗ, ಒಂದು ಲ್ಯಾಬಿಗೆ. ಒಂದನ್ನ ಮುಚ್ಚಿಡಾಕ ನಾ ಬಿಡೂದಿಲ್ಲ. ಅರ್ಜಿ ವಾಪಸ್ ತಗೊಳ್ಳೂದಿಲ್ಲ."

ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. ಈ ಸುಳ್ಳನ್ನು ಆಕೆಯ ಕಿವಿಯಲ್ಲಿ ಊದಿದವನು ನಾನೇ ಎಂಬ ಗುಮಾನಿ ಅವರ ಕಣ್ಣಲ್ಲಿತ್ತು, ಅವರು ನಿವೃತ್ತರಾಗುವವರೆಗೂ ಅದು ಹೋಗಲಿಲ್ಲ. ನನ್ನ ಗುಮಾನಿ ಬೇರೆ ಕಡೆ ಓಡಿತ್ತು. ಕಾರ್ಬನ್ ಓದಿದವಳು ಒಬ್ಬಳೇ.

ಊಟದ ಹೊತ್ತಿಗೆ ಯಲ್ಲವ್ವನನ್ನು ನೀರಿನ ಟಾಕಿಯ ಹತ್ತಿರ ಹಿಡಿದೆ. ಓದುವ ಶ್ರಮ ಬೇಡವಾಗಿರಬೇಕು, ಅವ್ವನ ಕಾಯಂ ಪಗಾರ ಕಣ್ಣಿಗೆ ಬಿದ್ದಿರಬೇಕು ಎಂದು ನನ್ನ ಹಾಳು ಮನಸ್ಸು ಮೊದಲು ಹೇಳಿತ್ತು.

"ಯಲ್ಲವ್ವ, ಒಂದು ಅಂತ ನಾನ ಬಡದೇನಿ. ನಿನಗ ಓದಾಕ ಬರೂದಿಲ್ಲೇನು?"

"ಬರ್ತೈತ್ರಿ ಸರ್." ಆಕೆ ತಲೆ ಎತ್ತಲಿಲ್ಲ. "ಒಂದು ಅಂತ ಓದಿದ್ರ ಅವ್ವ ಅವತ್ತ ಬಂದು ಹೆಬ್ಬಟ್ಟು ಒತ್ತತಿದ್ಲು. ಹಿಂದ ಮುಂದ ನೋಡ್ತಿರಲಿಲ್ಲ. ನಾ ಮಡಗಾಂವಿಗೆ ಹೋಗಿ ಓದ್ತೇನ್ರಿ, ಅಲ್ಲಿ ಕಾಲೇಜ್ ಐತಿ. ಅವ್ವಗ ಮತ್ತೊಂದು ನೌಕರಿ ಎಲ್ಲೈತ್ರಿ?"

ಆ ಹುಡುಗಿಯ ಮೇಲೆ ಸಂಶಯಪಟ್ಟಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಅವ್ವನ ಮುಂದ ಬಾಯಿ ಬಿಡಬ್ಯಾಡ್ರಿ ಸರ್," ಎಂದಳು. ನಾನು ಬಿಡಲಿಲ್ಲ.

ಹದಿನಾಲ್ಕು ವರ್ಷದ ಸೇವೆಯ ಅರ್ಜಿ ಮುಂದಿರುವಾಗ ಹೊಸಬನನ್ನು ತೆಗೆದುಕೊಂಡರೆ ಸಂಘದವರು ಕೋರ್ಟಿಗೆ ಹೋಗುತ್ತಾರೆಂದು ಮಂಡಳಿ ಹೆದರಿತು. ಮಾರ್ಚ್ ಮೂವತ್ತಕ್ಕೆ ಬಾಳಮ್ಮನನ್ನು ಕಾಯಂ ಮಾಡಿದ ಆದೇಶ ಟೈಪ್ ಮಾಡಿದೆ. ಒಂದು ದಿನ ಬಿಡಿಸುವ ಪತ್ರ ಆ ವರ್ಷ ಇರಲಿಲ್ಲ. ಬಾಳಮ್ಮ ಎಲ್ಲರಿಗೂ ಬೆಲ್ಲ ಹಂಚಿದಳು. ಇಷ್ಟು ಸುಲಭವಾಗಿ ಹೇಗೆ ಕೊಟ್ಟರು ಎಂದು ಹಂಚುತ್ತಲೇ ಸಂಶಯಪಟ್ಟಳು.

ಜೂನ್ ಬಂತು, ಮಳೆ ಬಂತು. ಪ್ರಯೋಗಾಲಯದ ಬಾಗಿಲಿಗೆ ಬೀಗ ಬಿತ್ತು. ಮಡಗಾಂವಿನಲ್ಲಿ ಮೂರನೇ ವರ್ಷಕ್ಕೆ ಹೊರಗಿನವರನ್ನು ತೆಗೆದುಕೊಳ್ಳುವುದಿಲ್ಲ ಎಂದರಂತೆ. ಯಲ್ಲವ್ವ ಅವ್ವನಿಗೆ ಹೇಳಿದ್ದು ಬೇರೆ: ಕ್ಲಾಸು ತಡವಾಗಿ ಶುರುವಾಗುತ್ತದೆ, ಅಲ್ಲಿಯವರೆಗೆ ಸುಮ್ಮನೆ ಯಾಕೆ ಕೂರಬೇಕೆಂದು ವೆರ್ಣಾದ ಮಾತ್ರೆ ಕಾರ್ಖಾನೆಗೆ ಪ್ಯಾಕಿಂಗಿಗೆ ಹೋಗುತ್ತೇನೆ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿ ಹೋಗಲು ಶುರು ಮಾಡಿದಳು.

ಜುಲೈಯಲ್ಲಿ ಒಂದು ದಿನ ಬಾಳಮ್ಮ ಕಸಬರಿಗೆ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ನಿಂತಳು.

"ಸಾಹೇಬ್ರ, ಎರಡನೇ ಮನಷ್ಯಾ ಯಾವಾಗ ಬರ್ತಾನ್ರಿ?"

"ಯಾರು?"

"ಲ್ಯಾಬಿನಾಂವ. ಎರಡನೇ ಪೋಸ್ಟಿನಾಂವ. ಆಂವ ಬರೂದ ತಡ ಆಗಿ ಕ್ಲಾಸ್ ನಿಂತೈತಿ."

"ಆಗಸ್ಟಿನ್ಯಾಗ ಬರ್ತಾನ, ಬಾಳಕ್ಕ," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಸುಳ್ಳು," ಎಂದಳು.

ಇನ್ನೊಂದು ಸುಳ್ಳು ಹೊಂದಿಸುವ ಶಕ್ತಿ ನನ್ನಲ್ಲಿರಲಿಲ್ಲ. ಹೇಳಿಬಿಟ್ಟೆ. ಬಂದಿದ್ದು ಒಂದೇ, ಅದು ನಿನ್ನದು. ನಿನ್ನ ಮಗಳು ಒಂದನ್ನು ಎರಡು ಎಂದು ಓದಿದಳು ಎಂದೆ. ಡ್ರೈವರನ ಅರ್ಜಿಯ ಸಂಗತಿಯನ್ನೂ ಹೇಳಿದೆ. ಬಾಳಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕುಳಿತಳು.

"ಆರ್ಡರ್ ವಾಪಸ್ ಕೊಡ್ತೇನ್ರಿ. ಆ ಡ್ರೈವರಗ ಕೊಡ್ರಿ, ಯಾರಿಗರೆ ಕೊಡ್ರಿ. ಲ್ಯಾಬ್ ತಗೀರಿ."

"ಈಗ ಬಿಟ್ರ ಪೋಸ್ಟ್ ಸರ್ಕಾರಕ್ಕ ಹೋಗ್ತೈತಿ, ಲ್ಯಾಬಿಗೆ ಬರೂದಿಲ್ಲ. ಮಾರ್ಚ್ ಮುಗದೈತಿ ಬಾಳಕ್ಕ."

ಆಕೆ ಬಹಳ ಹೊತ್ತು ಅತ್ತಳು. ಹಣಮಪ್ಪ ಸತ್ತಾಗ ಆಕೆ ಅತ್ತಿದ್ದನ್ನು ನೋಡಿದವರು ಇದ್ದಾರೆ, ನಾನು ನೋಡಿದ್ದು ಇದೊಂದೇ. ಮನೆಗೆ ಹೋಗಿ ಮಗಳನ್ನು ಬೈದಳೋ, ತಬ್ಬಿದಳೋ ನನಗೆ ಗೊತ್ತಿಲ್ಲ. ರಸಾಯನಶಾಸ್ತ್ರದ ಮೂರನೇ ವರ್ಷ ಮುಂದಿನ ಬಜೆಟ್ಟಿನಲ್ಲೂ ಶುರುವಾಗಲಿಲ್ಲ, ಯಲ್ಲವ್ವ ವೆರ್ಣಾದಲ್ಲೇ ಉಳಿದಳು.

ಬೀಗ ಬಿದ್ದ ಆ ವರ್ಷವೇ ಬಾಳಮ್ಮನ ಭವಿಷ್ಯನಿಧಿಯ ಅರ್ಜಿಗೆ ಹೆಬ್ಬೆಟ್ಟು ಬೇಕಿತ್ತು. ರೂಢಿಯಂತೆ ಮನೆಗೆ ಒಯ್ದು ಮಗಳಿಂದ ಓದಿಸಿಕೊಂಡು ಬಾ ಎಂದು ಕೊಟ್ಟೆ. ಆಕೆ ಅದನ್ನು ತಿರುಗಿ ನನ್ನ ಮುಂದಿಟ್ಟಳು.

"ನೀವ ಓದ್ರಿ."

"ನನ್ನ ನಂಬತಿಯೇನು ಬಾಳಕ್ಕ?"

"ಇಲ್ರಿ. ನಿಮ್ಮ ಸುಳ್ಳು ಮಾರಿ ಮ್ಯಾಲ ಕಾಣತೈತಿ. ಆಕಿದು ಮೂರು ತಿಂಗಳ ಒಂದ ಗಂಗಾಳದಾಗ ಉಂಡ್ರೂ ಕಾಣಲಿಲ್ಲ. ಆಕಿ ನನಗ ಜೀವಾ ಹಚ್ಯಾಳ್ರಿ. ಜೀವಾ ಹಚ್ಚಿದವರ ಕಡಿಂದ ಕಾಗದ ಓದಸಬಾರದು."

ನಾನು ಮೊದಲ ಸಾಲಿನಿಂದ ಓದತೊಡಗಿದೆ. ಆಕೆ ಕಾಗದದ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.