ಡ್ರೈವ್ ಗುಂಡಿಯ ಕೆಂಪು ಗೆರೆ

ಬಬಲೇಶ್ವರದ ಗೆಳೆಯನೂ ನಾನೂ ಹವ್ಯಾಸಿ ರೇಡಿಯೊದವರು, ಮನೆಯಿಂದ ಮನೆಗೆ ರೇಡಿಯೊದಲ್ಲೇ ಮಾತಾಡುವವರು. ಫೋನಿನಲ್ಲಿ ನಮಗೆ ಮಾತೇ ಹುಟ್ಟುವುದಿಲ್ಲ. ರೇಡಿಯೊ ಹಚ್ಚಿದರೆ ರವಿವಾರದ ಮುಂಜಾನೆ ಸಾಲುವುದಿಲ್ಲ. ಅವನ ಮನೆಯ ಬಗಲಿಗೆ ಒಣದ್ರಾಕ್ಷಿ ಸೋಸುವ ಮಷೀನು ಬಂದ ಮೇಲೆ ಅದರ ಗರಗರ ಸದ್ದು ಅವನ ರೇಡಿಯೊದೊಳಗೂ ಹೊಕ್ಕು ನನ್ನ ದನಿಯನ್ನು ನುಂಗಿತು. ಅಷ್ಟರಲ್ಲಿ ಅವನು ಮನೆಯ ಮೇಲೊಂದು ಮಹಡಿ ಎತ್ತಲು ಹೊರಟ. ರವಿವಾರ ಹನ್ನೊಂದಕ್ಕೆ ಮನೆ ಕಟ್ಟುವ ಗೌಂಡಿ ಬಂದು ಆಂಟೆನಾದ ಕಂಬ ಇಳಿಸುವವನಿದ್ದ.

"ಮತ್ತ ಏರ್ಸೂದು ಈ ಮೊಣಕಾಲಿಲೆ ಆಗೂದಿಲ್ಲಪಾ. ಕಡೀ ಸಲ ಒಮ್ಮೆ ನಿನ್ನ ದನಿ ಕೇಳಿಸು," ಅಂದ.

ಕೇಳಿಸಲೇಬೇಕೆಂದು ಆಂಪ್ಲಿಫೈಯರ್ ಕಟ್ಟಿದೆ. ರೇಡಿಯೊ ಕೊಡುವ ಸಣ್ಣ ಶಕ್ತಿಗೆ ನಾವು ಡ್ರೈವ್ ಅನ್ನುತ್ತೇವೆ. ಅದನ್ನು ಹಲವು ಪಟ್ಟು ಹಿಗ್ಗಿಸಿ ಆಂಟೆನಾಕ್ಕೆ ಕಳಿಸುವುದು ಇದರ ಕೆಲಸ. ಡ್ರೈವ್ ಹೆಚ್ಚಾದರೆ ಅದರೊಳಗಿನ ಗಾಜಿನ ವಾಲ್ವು ಸುಡುತ್ತದೆ. ನನ್ನ ನಿದ್ದೆ ಹಾರಲು ಅಷ್ಟು ಸಾಕು. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲಿ, ಆಂಟೆನಾದ ಬದಲು ಎಣ್ಣೆ ಡಬ್ಬಿಯಲ್ಲಿ ಮುಳುಗಿಸಿದ ರೆಸಿಸ್ಟರ್ ಜೋಡಿಸಿ ವಾರವಿಡೀ ಪರೀಕ್ಷಿಸಿದೆ. ಸರಿಯಾದ ಜಾಗ ಸಿಕ್ಕಾಗ ಡ್ರೈವಿನ ಗುಂಡಿಗೆ ಹೆಂಡತಿಯ ಕೆಂಪು ನೇಲ್ ಪಾಲಿಶಿನಿಂದ ಗೆರೆ ಎಳೆದೆ.

"ನನ್ನ ಉಗುರಿಗೆ ಒಂದೀಟು ಉಳಿಸೀರಿಲ್ರಿ?" ಅಂದಳು.

ನಮ್ಮ ಓಣಿಯಲ್ಲಿ ಉದ್ದನೆಯ ತಂತಿ ಕಟ್ಟಲು ಜಾಗವಿಲ್ಲ. ರವಿವಾರ ತಿಕೋಟಾದಲ್ಲಿರುವ ಅವಳ ತವರಿನ ತೋಟಕ್ಕೆ ಹೋಗಿ, ಬೇವಿನ ಮರದಿಂದ ನೀರಿನ ಟಾಕಿಯವರೆಗೆ ದ್ರಾಕ್ಷಿ ಚಪ್ಪರದ ಮೇಲೆ ಹಾಯಿಸಿ ಆಂಟೆನಾ ಕಟ್ಟಿದೆ. ಹಾವು, ಕಣಜ, ಗಾಳಿ, ಎಲ್ಲದಕ್ಕೂ ಹೆದರಿದೆ. ಚಪ್ಪರದ ಕಬ್ಬಿಣದ ತಂತಿಗಳಿಗೆ ಮಾತ್ರ ಹೆದರಲಿಲ್ಲ. ಎಣ್ಣೆ ಡಬ್ಬಿಯ ಸ್ವಭಾವ ಎಂದಿಗೂ ಒಂದೇ. ಆಂಟೆನಾ ತನ್ನ ಸುತ್ತಲಿನ ಕಬ್ಬಿಣಕ್ಕೆ ತಕ್ಕಂತೆ ಬದಲಾಗುತ್ತದೆ. ಹೊರಗಿನ ಹೊರೆ ಬದಲಾದರೆ ಆಂಪ್ಲಿಫೈಯರ್ ಒಳಗೆಳೆದುಕೊಳ್ಳುವ ಡ್ರೈವೂ ಬದಲಾಗುತ್ತದೆ. ಗುಂಡಿಯನ್ನು ಗೆರೆಗೆ ತಂದೊಡನೆ ಮೀಟರಿನ ಮುಳ್ಳು ಅಪಾಯದ ಕೆಂಪಿಗೆ ಹಾರಿ ಎಲ್ಲ ಬಂದಾಯಿತು.

ಡ್ರೈವ್ ಇಳಿಸಿ, ಈ ತಂತಿಗೆ ಹೊಸದಾಗಿ ಹೊಂದಿಸಿಕೊಂಡು, ಮೆಲ್ಲಗೆ ಏರಿಸಬೇಕಿತ್ತು. ನಾನೋ ಫ್ಯೂಸ್ ನೋಡಿದೆ, ಸ್ಕ್ರೂ ಬಿಗಿದೆ, ಮತ್ತೆ ಗೆರೆಗೇ ತಂದೆ. ವಾರದ ತಪಸ್ಸಿನ ಗೆರೆ ತಪ್ಪುವುದುಂಟೆ?

"ಆ ಆಂಪ್ಲಿಫೈಯರ್ ತಗದು ಬರೇ ರೇಡಿಯೊದಾಗ ಮಾತಾಡ್ರಲಾ," ಅಂದಳು ಹೆಂಡತಿ.

"ಆ ಮಷೀನಿನ ಗದ್ದಲದಾಗ ಅವಂಗೇನ್ ಕೇಳಸ್ತದ? ಸುಮ್ನಿರು."

ಕೊನೆಗೆ ಗೆರೆಯ ಆಸೆ ಬಿಟ್ಟು ಗುಂಡಿ ಇಳಿಸಿ ಹೊಂದಿಸಿದಾಗ ಮುಳ್ಳು ತೆಪ್ಪಗೆ ನಿಂತಿತು. ಮೈಕ್ ಹಿಡಿದು ಕರೆದೆ. ಹನ್ನೊಂದು ದಾಟಿಹೋಗಿತ್ತು. ಆ ಕಡೆಯಿಂದ ಯಾರೂ ಓಗೊಡಲಿಲ್ಲ.

ಮಧ್ಯಾಹ್ನ ಅವನದೇ ಫೋನು. "ಲೇ, ಶಿಳ್ಳಿ ಹೊಡಕೋತ ಕುಂತಿದ್ದೇನು?"

ಹೊಂದಿಸುವಾಗ ಆಂಟೆನಾದಿಂದ ಹೋಗುವುದು ಮಾತಲ್ಲ, ಬರೀ ಶಿಳ್ಳೆ. "ಕೇಳಿಸ್ತೇನು?" ಅಂದೆ.

"ಬಾಳ ಚಂದ ಕೇಳಿಸ್ತು. ಮುಂಜಾನಿಂದ ಲೈಟ್ ಇರಲಿಲ್ಲೋ ಯಪ್ಪಾ, ಮಷೀನ್ ಬಂದ್. ನಾ ಬ್ಯಾಟರಿ ಮ್ಯಾಲೆ ಹಚ್ಚಿಕೊಂಡು ಕುಂತಿದ್ದೆ. ಬರೇ ರೇಡಿಯೊದಾಗ ಪಿಸುಗುಟ್ಟಿದ್ರೂ ಬರ್ತಿತ್ತು. ಗೌಂಡಿಗೆ ಎರಡೆರಡು ಸಲ ಚಾ ಕುಡಿಸಿ ತಡದೆ, ಶಿಳ್ಳಿ ಮುಗೀತದ, ಈಗ ಮಾತಾಡ್ತಿ, ಈಗ ಮಾತಾಡ್ತಿ ಅಂತ..."

ಕಂಬ ಅಂಗಳದಲ್ಲಿ ಮಲಗಿತ್ತಂತೆ.

"ಮತ್ತೇನು?" ಅಂದ.

"ಏನಿಲ್ಲ. ನೀ ಹೇಳು."

ಇಬ್ಬರೂ ಫೋನು ಕಿವಿಗೆ ಹಿಡಿದೇ ಕುಳಿತೆವು.