ಸೋದರತ್ತೆಯ ಖಣ

ತಿಳವಳ್ಳಿಯ ಬಡಿಗೇರ ಮಹಾಲಿಂಗಪ್ಪ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸದೆ ಉಳಿ ಮುಟ್ಟಿದವನಲ್ಲ. ಐವತ್ತೆಂಟನೇ ಇಸವಿಯಲ್ಲಿ ಮಾಸೂರಿನ ಕೂಲಿ ಗಂಡಹೆಂಡತಿ ವಾಂತಿಭೇದಿಯಿಂದ ಸತ್ತು, ಹತ್ತು ವರ್ಷದ ಶಂಕ್ರವ್ವ ಇಬ್ಬರು ತಮ್ಮಂದಿರೊಂದಿಗೆ ಬೀದಿಗೆ ಬಿದ್ದಾಗ ಅವನೇ ಹೋಗಿ ಕರೆತಂದ.

"ಈ ಕೂಸುಗಳ್ನ ಹೊರಗ ಬಿಟ್ಟು ನಾ ಪೂಜಾಕ್ಕ ಹೆಂಗ ಕುಂದರ್ಲಿ?" ಎಂದ.

ಬಸುರಿ ಹೆಂಡತಿ ದಾನವ್ವ ಎಲ್ಲ ನೋಡುತ್ತ ಹೋದಳು. ಆ ಮೂವರ ಊಟದ ಮಣೆಗಳು ಎರಡೇ ದಿನಕ್ಕೆ ಸಿದ್ಧವಾದವು. ತನ್ನ ಕೂಸಿನ ತೊಟ್ಟಿಲಿಗೆ ಇನ್ನೂ ಹಲಗೆ ಕೂಡಿರಲಿಲ್ಲ. ಶಂಕ್ರವ್ವ "ಅಣ್ಣಾ" ಎಂದರೆ ಅವನ ಗರಗಸ ನಿಲ್ಲುತ್ತಿತ್ತು. ತಾನು ಮೂರು ಸಲ ಕರೆದರೂ ನಿಲ್ಲುತ್ತಿರಲಿಲ್ಲ.

ತವರಿನಲ್ಲಿ ತಾಯಿ ತೀರಿಹೋಗಿದ್ದರಿಂದ ಹೆರಿಗೆ ಇಲ್ಲೇ ಆಯಿತು. ಹೆಣ್ಣು ಕೂಸು. ಬಾಣಂತನಕ್ಕೆ ಹಿರೇಕೆರೂರಿನಿಂದ ಅಕ್ಕ ಮುದಕವ್ವ ಬಂದಳು. ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಮಹಾಲಿಂಗಪ್ಪನಿಗೆ ಒಡಹುಟ್ಟಿದವರಿಲ್ಲ, ಅಕ್ಕನೇ ಕರೆಯಲಿ ಎಂದು ದಾನವ್ವ ಲೆಕ್ಕ ಹಾಕಿದ್ದಳು.

"ಶಂಕ್ರಿ ಅದಾಳಲ್ಲ ನನ್ನ ತಂಗಿ. ಅಕೀನ ಕರೀತಾಳ. ಹೆಸರು ಮಹಾದೇವಕ್ಕ," ಎಂದುಬಿಟ್ಟ ಅವನು.

ಹೆಸರಿಡುವ ದಿನ ದಾನವ್ವ ಹುಡುಗಿಯನ್ನು ಒಲೆಗೆ ಕುಳ್ಳು ತರಲು ದೂರದ ಹೊಲಕ್ಕೆ ಅಟ್ಟಿದಳು. ಓಣಿಯ ಹೆಂಗಸರು ನೆರೆದರು.

"ಸೋದರತ್ತಿ ಎಲ್ಲಿ?"

"ಎಲ್ಲಿ ಅಡ್ಡ್ಯಾಡಾಕತ್ತಾಳೊ. ನಮ್ಮಕ್ಕ ಕರೀತಾಳ ಬಿಡ್ರಿ," ಎಂದಳು ದಾನವ್ವ.

ಮಹಾಲಿಂಗಪ್ಪ ತೊಟ್ಟಿಲ ಸರಪಳಿ ಬಿಡಲಿಲ್ಲ. "ತಾಯಿ ಕಡಿಯವ್ರು ಹೆಸರು ಕರದದ್ದು ಎಲ್ಲೆರ ಕೇಳೀರೇನು? ಕಾಯೂಣು."

ಪಾಯಸ ಆರಿತು. ಬುಟ್ಟಿ ಹೊತ್ತು ಬಂದ ಶಂಕ್ರವ್ವ ಕೈ ತೊಳೆಯುತ್ತಲೇ ಅವನು ಕುಪ್ಪಸಕ್ಕೆಂದು ಕೆಂಪು ಖಣ ಕೊಟ್ಟ. ಆ ಬಣ್ಣದ ಖಣವನ್ನು ದಾನವ್ವ ಯುಗಾದಿಯಿಂದ ಕೇಳುತ್ತಿದ್ದಳು.

ತೊಟ್ಟಿಲಿಗೆ ಬಗ್ಗಿದ ಹುಡುಗಿ ಅಲ್ಲೇ ನಿಂತುಬಿಟ್ಟಳು. "ವೈನಿ, ಅಣ್ಣ ಏನ್ ಹೆಸರು ಹೇಳಿದ್ದ?" ಎಂದು ಪಿಸುಗುಟ್ಟಿದಳು.

ದಾನವ್ವ ಸುಮ್ಮನಿದ್ದರೆ ಸಾಕಿತ್ತು. ಓಣಿಯೆಲ್ಲ ನಗುತ್ತಿತ್ತು, ಅಕ್ಕ ಮುಂದೆ ಬರುತ್ತಿದ್ದಳು. ಆದರೆ ಅವಳ ಬಾಯಿಗೆ ಬೇರೆಯೇ ಬಂತು, ತೀರಿಹೋದ ತನ್ನ ತಾಯಿಯ ಹೆಸರು.

"ಗುರುಸಿದ್ದವ್ವ."

ಶಂಕ್ರವ್ವ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಅದನ್ನೇ ಕರೆದಳು. ತೊಟ್ಟಿಲಲ್ಲಿ ಕರೆದ ಹೆಸರು ಮತ್ತೆ ತಿದ್ದುವಂಥದ್ದಲ್ಲ.

"ಯಾರವ್ವ ಈ ಹೆಸರು ಹೇಳಿದವ್ರು?" ಮಹಾಲಿಂಗಪ್ಪ ಹುಬ್ಬು ಏರಿಸಿದ.

"ಮರತಿತ್ತಣ್ಣ. ಬಾಯಿಗೆ ಬಂದದ್ದು ಕರದೆ." ಹುಡುಗಿ ದಾನವ್ವನ ಕಡೆ ಕಣ್ಣೆತ್ತಲಿಲ್ಲ.

ನಾಗರಪಂಚಮಿಗೆ ದಾನವ್ವ ತಾನೇ ಹಾನಗಲ್ಲಿಗೆ ಹೋಗಿ ಶಂಕ್ರವ್ವನಿಗೆ ಹಸಿರು ಖಣ ಆರಿಸಿ ತಂದಳು. ತನಗೂ ಒಂದು ತಂದಳು. ಅದರ ಅಂಚು ಮಾತ್ರ ಒಂದು ಬೆರಳು ಅಗಲ ಹೆಚ್ಚಿತ್ತು.